ಮುಂದಿನ ಹಲ್ಲು ‘ಒಂದೇ ದಿನದಲ್ಲಿ’: ಆ ಫೋಟೋ ಯಾವತ್ತಿನದು ಅಂತ ಕೇಳಿ

ಭಾಗ 1/8: ವಿಷಯ ಏನು

ರೀಲ್ಸ್ ತೆಗೆದ್ರೆ ಸಾಕು, ಹಲ್ಲಿನ ವಿಡಿಯೋಗಳು ಸಾಲಾಗಿ ಬರ್ತವೆ. ಮುರಿದ ಮುಂದಿನ ಹಲ್ಲು, ಒಂದು ಕಟ್, ಮ್ಯೂಸಿಕ್, ಆಮೇಲೆ ಬೆಳ್ಳಗೆ ಹೊಳೆಯೋ ನಗು. ಕೆಳಗೆ ‘ಬೆಳಿಗ್ಗೆ ಬಂದ್ರು, ಸಂಜೆ ಹೊಸ ಹಲ್ಲಿನ ಜೊತೆ ಹೋದ್ರು’ ಅಂತ ಬರಹ. ನಾನು ಡೆಂಟಲ್ ಓದ್ತಿದೀನಿ ಅಂತ ಗೊತ್ತಾದಾಗಿಂದ ನಂಜನಗೂಡು, ಟಿ. ನರಸೀಪುರದ ಕಡೆಯ ಹುಡುಗ್ರು, ಹುಡುಗೀರು ಇಂಥ ವಿಡಿಯೋ ಕಳಿಸಿ ಕೇಳೋದು ಒಂದೇ ಪ್ರಶ್ನೆ: ‘ಅಕ್ಕಾ, ಇದು ನಿಜಾನಾ? ನಾನೂ ಮಾಡಿಸ್ಕೋಬಹುದಾ?’

ಒಂದು ಸಾಲಿನಲ್ಲಿ ಉತ್ತರ ಕೊಡೋಕೆ ಆಗಲ್ಲ, ಅದಕ್ಕೇ ಈ ಸೀರೀಸ್. ಒಟ್ಟು 8 ಪೋಸ್ಟ್. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಒಪ್ಪದೇ ಇರೋರು ಕಾಮೆಂಟ್‌ನಲ್ಲಿ ಜಗಳ ಆಡಬಹುದು.

ಒಂದು, ಹಲ್ಲು ತೆಗೆದ ದಿನವೇ ಇಂಪ್ಲಾಂಟ್ ಹಾಕೋದು ಮೋಸ ಅಲ್ಲ. ಅದು ನಿಜವಾದ, ಚೆನ್ನಾಗಿ ಅಧ್ಯಯನ ಆಗಿರೋ ಚಿಕಿತ್ಸೆ. ಎರಡು, ಮುಂದಿನ ಹಲ್ಲಿನ ವಿಷಯದಲ್ಲಿ ಅದರ ಚೆಂದವನ್ನ ಆ ದಿನದ ಫೋಟೋ ನೋಡಿ ಅಳೆಯೋದು ತಪ್ಪು. ಒಂದು ವರ್ಷ ಆದ ಮೇಲೆ ಒಸಡು ಹೇಗಿದೆ ಅನ್ನೋದೇ ಅಳತೆ. ಮೂರು, ಇದನ್ನ ಓದ್ತಿರೋ ನಮ್ಮಲ್ಲಿ ಹೆಚ್ಚಿನವರು 16ರಿಂದ 20 ವರ್ಷದವರು. ನಮ್ಮ ವಯಸ್ಸಿಗೆ ಬಹಳ ಸಲ ಸರಿಯಾದ ಉತ್ತರ ‘ಈಗಲೇ ಬೇಡ’ ಅನ್ನೋದು.

ಹಲ್ಲಿನ ವಿಷಯ ನಮ್ಮೂರಿಗೆ ಹೊಸದೇನಲ್ಲ. ನಂಜನಗೂಡು ಹಲ್ಲುಪುಡಿ ಅಂದ್ರೆ ಕರ್ನಾಟಕದಲ್ಲಿ ಗೊತ್ತಿಲ್ಲದೇ ಇರೋ ಅಜ್ಜಿ ತಾತ ಕಡಿಮೆ. ಬಿ.ವಿ. ಪಂಡಿತರು 1913ರಲ್ಲಿ ಶುರು ಮಾಡಿದ ಸದ್ವೈದ್ಯಶಾಲೆಯ ಪುಡಿ ಅದು, ಬತ್ತದ ಹೊಟ್ಟು ಸುಟ್ಟು ಮಾಡ್ತಿದ್ದಿದ್ದು. ಆಗಿನ ಮಾತೆಲ್ಲ ಇರೋ ಹಲ್ಲನ್ನ ಉಳಿಸ್ಕೊಳ್ಳೋದರ ಬಗ್ಗೆ. ಈಗ ನಮಗೆ ಕಾಣೋ ಜಾಹೀರಾತೆಲ್ಲ ಹೋದ ಹಲ್ಲಿನ ಜಾಗಕ್ಕೆ ಹೊಸದು ಹಾಕೋದರ ಬಗ್ಗೆ. ಎರಡೂ ಬೇಕು. ಆದ್ರೆ ಎರಡನೇದಕ್ಕೆ ಕೈ ಹಾಕೋ ಮುಂಚೆ ಒಂದಿಷ್ಟು ತಿಳ್ಕೊಂಡಿರೋದು ಒಳ್ಳೇದು.

ಭಾಗ 2/8: ‘ಒಂದೇ ದಿನ’ ಅಂದ್ರೆ ಯಾವುದು ಒಂದೇ ದಿನ?

ಮೊದಲು ಪದಗಳನ್ನ ಸರಿ ಮಾಡ್ಕೊಳ್ಳೋಣ. ಜಾಹೀರಾತಿನಲ್ಲಿ ಎರಡು ಬೇರೆ ಬೇರೆ ಕೆಲಸಗಳನ್ನ ಒಂದೇ ಹೆಸರಲ್ಲಿ ಕರೀತಾರೆ.

ಇಂಪ್ಲಾಂಟ್ ಅಂದ್ರೆ ದವಡೆ ಮೂಳೆಯೊಳಗೆ ಕೂರಿಸೋ ಟೈಟಾನಿಯಂ ಸ್ಕ್ರೂ. ಅದು ಹಲ್ಲಿನ ಬೇರಿನ ಜಾಗದಲ್ಲಿ ಕೂರುತ್ತೆ. ಹೊರಗೆ ಕಾಣೋ ಬಿಳಿ ಭಾಗ ಕ್ಯಾಪ್. ಹಲ್ಲು ತೆಗೆದ ಗುಳಿಯಲ್ಲೇ ಅವತ್ತೇ ಸ್ಕ್ರೂ ಕೂರಿಸಿದ್ರೆ ಅದು ತಕ್ಷಣದ ಇಂಪ್ಲಾಂಟ್. ಆ ಸ್ಕ್ರೂ ಮೇಲೆ ಅವತ್ತೇ ಒಂದು ಹಲ್ಲನ್ನೂ ಕೂರಿಸಿದ್ರೆ ಅದು ತಕ್ಷಣದ ಹಲ್ಲು. ಮೊದಲನೇದು ಆದ ಮಾತ್ರಕ್ಕೆ ಎರಡನೇದು ಆಗಲೇಬೇಕು ಅಂತ ಇಲ್ಲ. ಅವತ್ತು ಕೂರಿಸೋ ಹಲ್ಲು ಸಾಮಾನ್ಯವಾಗಿ ಪ್ಲಾಸ್ಟಿಕ್ ತರಹದ ತಾತ್ಕಾಲಿಕ ಹಲ್ಲು. ಎದುರಿನ ಹಲ್ಲಿಗೆ ತಾಗದ ಹಾಗೆ ಅದನ್ನ ಸ್ವಲ್ಪ ಮೋಟಾಗಿ ಇಟ್ಟಿರ್ತಾರೆ. ಅದರಲ್ಲಿ ಕಬ್ಬು ಸಿಗಿಯೋ ಹಾಗಿಲ್ಲ, ಕೋಡುಬಳೆ ಕಡಿಯೋ ಹಾಗಿಲ್ಲ. ಕೊನೆಯ ಕ್ಯಾಪ್ ಬರೋದು ತಿಂಗಳುಗಳ ನಂತರ.

ಯಾಕೆ ಇಷ್ಟು ಕಾಯಬೇಕು? ಮೂಳೆ ಆ ಸ್ಕ್ರೂಗೆ ಬೆಸೆದುಕೊಳ್ಳೋಕೆ ಸಮಯ ಬೇಕು. ಟೈಟಾನಿಯಂಗೆ ಮೂಳೆ ಹೀಗೆ ಅಂಟಿ ಬೆಳೆಯುತ್ತೆ ಅಂತ 1950ರ ದಶಕದಲ್ಲಿ ಗಮನಿಸಿದ್ದು ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್. 1965ರಲ್ಲಿ ಮೊದಲ ಸಲ ಒಬ್ಬ ಮನುಷ್ಯನ ದವಡೆಗೆ ಹಾಕಿದ್ರು. ಅವರ ಪದ್ಧತಿಯಲ್ಲಿ ಕೆಳದವಡೆ ಆದ್ರೆ ಸುಮಾರು 3 ತಿಂಗಳು, ಮೇಲ್ದವಡೆ ಆದ್ರೆ 6 ತಿಂಗಳು ಸ್ಕ್ರೂನ ಒಸಡಿನ ಕೆಳಗೆ ಮುಚ್ಚಿಟ್ಟು ಕಾಯ್ತಿದ್ರು. ಹಲ್ಲು ತೆಗೆದ ದಿನವೇ ಹಾಕೋ ಪ್ರಯೋಗ 1970ರ ದಶಕದಲ್ಲಿ ಜರ್ಮನಿಯಲ್ಲಿ ಶುರುವಾಯ್ತು.

ಈಗ ಡಾಕ್ಟ್ರುಗಳು ಸಮಯವನ್ನ ನಾಲ್ಕು ಬಗೆಯಾಗಿ ಲೆಕ್ಕ ಹಾಕ್ತಾರೆ. ಅದೇ ದಿನ; ಒಸಡು ವಾಸಿಯಾದ ಮೇಲೆ, ಅಂದ್ರೆ 4ರಿಂದ 8 ವಾರಕ್ಕೆ; ಮೂಳೆ ಸ್ವಲ್ಪ ತುಂಬಿದ ಮೇಲೆ, 12ರಿಂದ 16 ವಾರಕ್ಕೆ; ಪೂರ್ತಿ ವಾಸಿಯಾದ ಮೇಲೆ, 6 ತಿಂಗಳು ದಾಟಿ. ನಾಲ್ಕೂ ಸರಿಯಾದ ದಾರಿಗಳೇ. ನಿಮ್ಮ ಬಾಯಿಗೆ ಯಾವುದು ಅನ್ನೋದನ್ನ ನಿಮ್ಮ ಮೂಳೆ ಮತ್ತು ಒಸಡು ತೀರ್ಮಾನ ಮಾಡ್ತವೆ, ರೀಲ್ ಅಲ್ಲ.

ಭಾಗ 3/8: ಮುಂದಿನ ಹಲ್ಲಿಗೇ ಯಾಕೆ ಇಷ್ಟು ತಕರಾರು?

ದವಡೆ ಹಲ್ಲು ಹೋದ್ರೆ ಯಾರಿಗೂ ಕಾಣಲ್ಲ. ಅಗಿಯೋಕೆ ಆದ್ರೆ ಸಾಕು. ಮುಂದಿನ ಹಲ್ಲು ಹಾಗಲ್ಲ, ಅಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸವನ್ನೂ ಕಣ್ಣು ಹಿಡಿಯುತ್ತೆ. ಯಾಕಂದ್ರೆ ಪಕ್ಕದಲ್ಲೇ ಅದರ ಜೋಡಿ ಹಲ್ಲು ಕೂತಿರುತ್ತೆ, ಎರಡನ್ನೂ ಹೋಲಿಸಿ ನೋಡಬಹುದು.

ನಿಜವಾದ ತೊಂದರೆ ಇರೋದು ಹಲ್ಲಿನ ಮುಂಭಾಗದ ಮೂಳೆಯಲ್ಲಿ. ಮೇಲಿನ ಮುಂದಿನ ಹಲ್ಲುಗಳ ತುಟಿ ಕಡೆಯ ಮೂಳೆಗೋಡೆ ಹೆಚ್ಚಿನ ಜನರಲ್ಲಿ 1 ಮಿಲಿಮೀಟರ್‌ಗಿಂತ ತೆಳು. ಆ ಗೋಡೆಯ ಒಳಪದರಕ್ಕೆ ಹಲ್ಲಿನ ಬೇರಿನಿಂದ ಹೊರಟ ನಾರುಗಳು ಕಚ್ಚಿಕೊಂಡಿರ್ತವೆ. ಹಲ್ಲು ಇರೋವರೆಗೆ ಆ ಪದರ ಇರುತ್ತೆ. ಹಲ್ಲು ಹೋದ್ರೆ ಅದಕ್ಕೆ ಕೆಲಸವೇ ಇಲ್ಲ, ಕರಗುತ್ತೆ.

ನಾಲೆ ಏರಿ ಮೇಲಿನ ಮರ ನೋಡಿದೀರಲ್ಲ? ಬೇರು ಮಣ್ಣನ್ನ ಹಿಡಿದಿರುತ್ತೆ. ಮರ ಕಿತ್ತು ಅದೇ ಗುಂಡಿಗೆ ಸಿಮೆಂಟ್ ಕಂಬ ನೆಟ್ರೆ ಕಂಬ ಗಟ್ಟಿಯಾಗಿ ನಿಲ್ಲಬಹುದು, ಆದ್ರೆ ಬೇರಿನ ಹಾಗೆ ಮಣ್ಣನ್ನ ಹಿಡಿಯಲ್ಲ. ಏರಿಯ ಅಂಚು ಮಳೆಗೆ ಜಾರುತ್ತೆ. ಇಂಪ್ಲಾಂಟ್ ಆ ಕಂಬದ ಹಾಗೆ. ‘ತಕ್ಷಣ ಸ್ಕ್ರೂ ಹಾಕಿದ್ರೆ ಮೂಳೆ ಕರಗಲ್ಲ’ ಅಂತ ಒಂದು ಕಾಲದಲ್ಲಿ ಬಹಳ ಜನ ನಂಬಿದ್ರು. ಆಮೇಲಿನ ಅಧ್ಯಯನಗಳು ಅದು ಹಾಗಲ್ಲ ಅಂತ ತೋರಿಸಿದ್ವು. ಸ್ಕ್ರೂ ಇದ್ರೂ ಆ ತೆಳು ಗೋಡೆ ಕರಗುತ್ತೆ. ಹೆಚ್ಚಿನ ಕರಗುವಿಕೆ ಆಗೋದು ಮೊದಲ ಕೆಲವು ತಿಂಗಳಲ್ಲೇ.

ಗೋಡೆ ಕರಗಿದ್ರೆ ಅದರ ಮೇಲೆ ಕೂತಿದ್ದ ಒಸಡು ಮೇಲಕ್ಕೆ ಸರಿಯುತ್ತೆ. ಆಗ ಒಂದು ಹಲ್ಲು ಪಕ್ಕದ್ದಕ್ಕಿಂತ ಉದ್ದ ಕಾಣುತ್ತೆ. ಒಸಡು ತೆಳುವಾಗಿದ್ರೆ ಒಳಗಿನ ಲೋಹದ ಬೂದು ಛಾಯೆ ಹೊರಗೆ ಕಾಣಬಹುದು. ಎರಡು ಹಲ್ಲುಗಳ ನಡುವಿನ ತ್ರಿಕೋನದ ಒಸಡು ಕುಗ್ಗಿದ್ರೆ ಅಲ್ಲಿ ಕಪ್ಪು ಸಂದಿ ಉಳಿಯುತ್ತೆ. ಇದ್ಯಾವುದೂ ಆಪರೇಷನ್ ದಿನದ ಫೋಟೋದಲ್ಲಿ ಇರಲ್ಲ. ಇರೋಕೆ ಸಾಧ್ಯವೂ ಇಲ್ಲ, ಯಾಕಂದ್ರೆ ಅವತ್ತು ಮೂಳೆ ಇನ್ನೂ ಇದ್ದ ಹಾಗೇ ಇರುತ್ತೆ.

ಭಾಗ 4/8: ಚೆಂದಕ್ಕೂ ಮಾರ್ಕ್ಸ್ ಇದೆ

‘ಚೆನ್ನಾಗಿದೆ’ ಅನ್ನೋದು ಅವರವರ ಕಣ್ಣಿಗೆ ಬಿಟ್ಟಿದ್ದು ಅಂತೀರಾ? ಪೂರ್ತಿ ಹಾಗಲ್ಲ. ಇಂಪ್ಲಾಂಟ್ ಸುತ್ತಲಿನ ಒಸಡಿಗೆ ಅಂಕ ಕೊಡೋ ಒಂದು ಪದ್ಧತಿ 2005ರಲ್ಲಿ ಬಂತು. ‘ಪಿಂಕ್ ಎಸ್ತೆಟಿಕ್ ಸ್ಕೋರ್’ ಅಂತ ಅದರ ಹೆಸರು. ಹಲ್ಲಿಗಲ್ಲ, ಗುಲಾಬಿ ಭಾಗಕ್ಕೆ ಅಂಕ. ಏಳು ವಿಷಯ, ಒಂದೊಂದಕ್ಕೆ 0, 1 ಅಥವಾ 2. ಒಟ್ಟು 14.

ಏಳು ಯಾವುವು ಅಂದ್ರೆ, ಎರಡೂ ಪಕ್ಕದ ತ್ರಿಕೋನದ ಒಸಡು ತುಂಬಿದೆಯಾ (ಇದಕ್ಕೆ ಎರಡು ಬೇರೆ ಬೇರೆ ಅಂಕ), ಒಸಡಿನ ಅಂಚು ಜೋಡಿ ಹಲ್ಲಿನ ಮಟ್ಟಕ್ಕೇ ಇದೆಯಾ, ಅಂಚಿನ ಬಾಗು ಸಹಜವಾಗಿದೆಯಾ, ಮೇಲಿನ ಮೂಳೆಯ ಉಬ್ಬು ಉಳಿದಿದೆಯಾ ಅಥವಾ ಒಳಕ್ಕೆ ಕುಸಿದಿದೆಯಾ, ಒಸಡಿನ ಬಣ್ಣ ಹೇಗಿದೆ, ಮೇಲ್ಮೈ ಹೇಗಿದೆ. ಎಲ್ಲವನ್ನೂ ಪಕ್ಕದ ನಿಜವಾದ ಹಲ್ಲಿನ ಜೊತೆ ಹೋಲಿಸ್ತಾರೆ.

ಇದನ್ನ ಯಾಕೆ ಹೇಳಿದೆ ಅಂದ್ರೆ, ನಾವು ದಿನಕ್ಕೆ ಗಂಟೆಗಟ್ಟಲೆ ಫೋಟೋ ನೋಡೋ ಜನ. ನೋಡೋದನ್ನ ಸ್ವಲ್ಪ ಕಲಿತ್ರೆ ನಮ್ಮನ್ನ ಯಾಮಾರಿಸೋದು ಕಷ್ಟ. ಮುಂದಿನ ಸಲ ಇಂಥ ಪೋಸ್ಟ್ ಬಂದ್ರೆ ಇಷ್ಟು ಗಮನಿಸಿ:

ಒಂದು, ಬಿಳಿ ಹಲ್ಲನ್ನ ನೋಡಬೇಡಿ, ಅದರ ಮೇಲಿನ ಒಸಡಿನ ಅಂಚು ನೋಡಿ.
ಎರಡು, ಫೋಟೋ ಯಾವಾಗಿನದು ಅಂತ ಬರೆದಿದ್ದಾರಾ? ಅದೇ ದಿನದ್ದಾ, ಒಂದು ವರ್ಷದ್ದಾ?
ಮೂರು, ಮೇಲ್ತುಟಿ ಒಸಡನ್ನ ಮುಚ್ಚಿದೆಯಾ? ಹಾಗಿದ್ರೆ ನಿಮಗೆ ಬೇಕಾದ ಭಾಗವೇ ಫೋಟೋದಲ್ಲಿಲ್ಲ.
ನಾಲ್ಕು, ಪಕ್ಕದ ಹಲ್ಲುಗಳೂ ಫ್ರೇಮ್‌ನಲ್ಲಿ ಇದ್ದಾವಾ? ಹೋಲಿಸೋಕೆ ಏನೂ ಇಲ್ಲದ ಫೋಟೋ ಏನನ್ನೂ ಹೇಳಲ್ಲ.

ಇನ್ನೊಂದು ಮಾತು. ‘ನಮ್ಮ ಇಂಪ್ಲಾಂಟ್ ಬೀಳಲ್ಲ’ ಅನ್ನೋ ಭರವಸೆ ಬೇರೆ, ‘ಚೆಂದ ಉಳಿಯುತ್ತೆ’ ಅನ್ನೋ ಭರವಸೆ ಬೇರೆ. ಸ್ಕ್ರೂ ಹತ್ತಾರು ವರ್ಷ ಗಟ್ಟಿಯಾಗಿ ಇದ್ದು, ಒಸಡು ಮಾತ್ರ ಸರಿದು ನಗೋಕೆ ಮುಜುಗರ ಆಗೋ ಹಾಗೆ ಆಗಬಹುದು. ಲೆಕ್ಕದಲ್ಲಿ ಅದು ಯಶಸ್ಸು, ಕನ್ನಡಿ ಮುಂದೆ ಅಲ್ಲ.

ಭಾಗ 5/8: ಹಾಗಾದ್ರೆ ಇದು ಯಾರಿಗೆ ಒಳ್ಳೇದು?

ನಾನು ಈ ಚಿಕಿತ್ಸೆಯ ವಿರೋಧಿ ಅಂತ ಅಂದ್ಕೋಬೇಡಿ. ಸರಿಯಾದ ಬಾಯಿಯಲ್ಲಿ, ಪಳಗಿದ ಕೈಯಲ್ಲಿ ಇದರ ಫಲಿತಾಂಶ ನಿಜಕ್ಕೂ ಚೆನ್ನಾಗಿರುತ್ತೆ. ಆಪರೇಷನ್ ಒಂದು ಸಲ ಮಾತ್ರ, ತಿಂಗಳುಗಟ್ಟಲೆ ಖಾಲಿ ಜಾಗ ಇರಲ್ಲ. ತಾತ್ಕಾಲಿಕ ಹಲ್ಲು ಸುತ್ತಲಿನ ಒಸಡಿಗೆ ಆಸರೆ ಕೊಡೋದರಿಂದ ಆ ತ್ರಿಕೋನದ ಭಾಗ ಕುಸಿಯೋದು ಕಡಿಮೆ ಆಗುತ್ತೆ. ವಯಸ್ಕರಲ್ಲಿ, ರೂಟ್ ಕೆನಾಲ್ ಆಗಿದ್ದ ಮುಂದಿನ ಹಲ್ಲು ಬೇರಿನಲ್ಲಿ ಸೀಳಿ ಹೋದಾಗ ಇದು ಬಹಳ ಸಲ ಒಳ್ಳೆ ಆಯ್ಕೆ.

ಆದ್ರೆ ಷರತ್ತುಗಳಿವೆ. ತುಟಿ ಕಡೆಯ ಮೂಳೆಗೋಡೆ ಮುರಿಯದೇ, ಸಾಕಷ್ಟು ದಪ್ಪ ಇರಬೇಕು. ಒಸಡು ದಪ್ಪ ಇರಬೇಕು. ಕೀವು ತುಂಬಿದ ಸೋಂಕು ಇರಬಾರದು. ಗುಳಿಯ ಹಿಂದೆ ಮತ್ತು ಮೇಲ್ಗಡೆ ಸ್ಕ್ರೂ ಅಲ್ಲಾಡದ ಹಾಗೆ ಹಿಡಿಯೋ ಮೂಳೆ ಬೇಕು. ಇದೆಲ್ಲ ಗೊತ್ತಾಗೋದು ಮಾಮೂಲಿ ಎಕ್ಸ್‌ರೇಯಿಂದ ಅಲ್ಲ, ಸಿಬಿಸಿಟಿ ಅನ್ನೋ ಮೂರು ಆಯಾಮದ ಸ್ಕ್ಯಾನ್‌ನಿಂದ.

ಕೈಚಳಕವೂ ಇದೆ. ಸ್ಕ್ರೂನ ಗುಳಿಯ ನಡುಮಧ್ಯ ಹಾಕಲ್ಲ, ಸ್ವಲ್ಪ ಹಿಂದಕ್ಕೆ, ಅಂಗುಳಿನ ಕಡೆಗೆ ಕೂರಿಸ್ತಾರೆ. ಮುಂದೆ ಉಳಿಯೋ ಸಂದಿಗೆ ಮೂಳೆಪುಡಿ ತುಂಬ್ತಾರೆ. ಒಸಡು ತೆಳುವಾಗಿದ್ರೆ ಅಂಗುಳಿನಿಂದ ಒಂದು ಚೂರು ತೆಗೆದು ಒಳಗೆ ಸೇರಿಸಿ ದಪ್ಪ ಮಾಡ್ತಾರೆ. ಸ್ಕ್ರೂ ಸ್ವಲ್ಪ ತುಟಿ ಕಡೆಗೆ ಬಂದ್ರೂ ಮುಂದೆ ಒಸಡು ಸರಿಯೋ ಅಪಾಯ ಜಾಸ್ತಿ. ಆಮೇಲೆ ಅದನ್ನ ಸರಿ ಮಾಡೋದು ಮೊದಲ ಸಲ ಹಾಕೋದಕ್ಕಿಂತ ಎಷ್ಟೋ ಕಷ್ಟ.

ಬೀಡಿ, ಸಿಗರೇಟು ಸೇದೋರಿಗೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದೋರಿಗೆ ಅಪಾಯ ಹೆಚ್ಚು. ಬಾಯಲ್ಲಿ ಗುಟ್ಕಾ ಇಟ್ಕೊಂಡು ಇಂಪ್ಲಾಂಟ್ ಬಗ್ಗೆ ವಿಚಾರಿಸೋ ಅಣ್ಣಂದಿರಿಗೆ ಕೈ ಮುಗಿದು ಹೇಳ್ತೀನಿ, ಮೊದಲು ಅದನ್ನ ಬಿಡಿ.

ಭಾಗ 6/8: ನಮ್ಮ ವಯಸ್ಸಿನ ಲೆಕ್ಕ

ಈ ಪೋಸ್ಟ್ ಓದದೇ ಮುಂದೆ ಹೋಗಬೇಡಿ. ಇಡೀ ಸೀರೀಸ್‌ನಲ್ಲಿ ನಮಗೆ ಮುಖ್ಯವಾದದ್ದು ಇದೇ.

ನಿಜವಾದ ಹಲ್ಲು ಮೂಳೆಗೆ ನೇರವಾಗಿ ಅಂಟಿಲ್ಲ. ನಡುವೆ ನಾರಿನ ಪದರ ಇದೆ, ಅದರಿಂದ ದವಡೆ ಬೆಳೆದ ಹಾಗೆ ಹಲ್ಲೂ ಅದರ ಜೊತೆ ಕೆಳಗೆ, ಮುಂದೆ ಸಾಗುತ್ತೆ. ಇಂಪ್ಲಾಂಟ್‌ಗೆ ಆ ಪದರ ಇಲ್ಲ. ಮೂಳೆಗೆ ಬೆಸೆದ ಮೇಲೆ ಅದು ಅಲ್ಲೇ ನಿಂತುಬಿಡುತ್ತೆ. 16 ವರ್ಷದ ಹುಡುಗನಿಗೆ ಇವತ್ತು ಅಳತೆಗೆ ಸರಿಯಾಗಿ ಹಾಕಿದ ಹಲ್ಲು, ಅವನು ಬೆಳೆದ ಹಾಗೆ ಪಕ್ಕದ ಹಲ್ಲುಗಳು ಕೆಳಗಿಳಿದು, ಇದೊಂದು ಮಾತ್ರ ಮೇಲೆ ಸಿಕ್ಕಿಕೊಂಡ ಹಾಗೆ ಕಾಣುತ್ತೆ. ಒಸಡಿನ ಮಟ್ಟವೂ ಏರುಪೇರಾಗುತ್ತೆ. ಕ್ಲಿಪ್ ಹಾಕಿ ಎಳೆದು ಸರಿ ಮಾಡೋಣ ಅಂದ್ರೆ ಆಗಲ್ಲ, ಇಂಪ್ಲಾಂಟ್ ಕ್ಲಿಪ್‌ಗೆ ಜಗ್ಗಲ್ಲ.

ಅದಕ್ಕೇ ಮುಖದ ಬೆಳವಣಿಗೆ ಮುಗಿಯೋವರೆಗೆ ಮುಂದಿನ ಹಲ್ಲಿಗೆ ಇಂಪ್ಲಾಂಟ್ ಬೇಡ ಅನ್ನೋದು ಸಾಮಾನ್ಯ ನಿಯಮ. ಹುಡುಗೀರಲ್ಲಿ ಬೆಳವಣಿಗೆ ಸ್ವಲ್ಪ ಬೇಗ ನಿಲ್ಲುತ್ತೆ, ಹುಡುಗರಲ್ಲಿ ತಡ, 20 ದಾಟಿಯೂ ಇರಬಹುದು. ‘18 ಆಯ್ತು, ವೋಟರ್ ಐಡಿ ಬಂತು’ ಅನ್ನೋದು ದವಡೆಗೆ ಗೊತ್ತಾಗಲ್ಲ. ವಯಸ್ಕರಾದ ಮೇಲೂ ಹಲ್ಲುಗಳು ವರ್ಷಗಳು ಕಳೆದಂತೆ ಮಿಲಿಮೀಟರ್ ಲೆಕ್ಕದಲ್ಲಿ ಜರಗ್ತಾನೇ ಇರ್ತವೆ. ಹಾಗಾಗಿ ಎಷ್ಟು ಬೇಗ ಹಾಕಿಸ್ತೀವೋ ಮುಂದೆ ಅಷ್ಟು ವ್ಯತ್ಯಾಸ ಕಾಣೋ ಸಾಧ್ಯತೆ.

ಕ್ಲಿಪ್ ಹಾಕಿಸೋ ಯೋಚನೆ ಇದ್ರೆ ಮೊದಲು ಅದು, ಆಮೇಲೆ ಇಂಪ್ಲಾಂಟ್. ಈ ಕ್ರಮ ಉಲ್ಟಾ ಆದ್ರೆ ಕಷ್ಟ.

ನಮ್ಮ ಹಿರಿಯರ ಗಾದೆ ಇದೆಯಲ್ಲ, ಬೇಯೋ ತನಕ ಇದ್ದವನು ಆರೋ ತನಕ ಇರಲಾರನೇ ಅಂತ. ಒಂದೆರಡು ವರ್ಷ ಕಾದ್ರೆ ಮುಂದಿನ ನಲವತ್ತು ವರ್ಷದ ನಗು ನೆಟ್ಟಗಿರುತ್ತೆ ಅನ್ನೋದಾದ್ರೆ ಕಾಯೋದೇ ಲಾಭ.

ಭಾಗ 7/8: ‘ಅಲ್ಲೀವರೆಗೆ ಬಾಯಿ ಮುಚ್ಕೊಂಡು ಇರೋದಾ?’

ಈ ಪ್ರಶ್ನೆ ನ್ಯಾಯವಾದದ್ದು. ಹಲ್ಲಿಲ್ಲದ ಜಾಗ ಇಟ್ಕೊಂಡು ಕಾಲೇಜಿಗೆ ಹೋಗೋದು ಸುಲಭ ಅಲ್ಲ. ಸೆಲ್ಫಿಯಲ್ಲಿ ತುಟಿ ಬಿಗಿ ಹಿಡಿಯೋದು, ನಗುವಾಗ ಕೈ ಅಡ್ಡ ಹಿಡಿಯೋದು, ‘ಓಟೆಬಾಯಿ’ ಅಂತ ಕರೆಸ್ಕೊಳ್ಳೋದು. ಹೆಣ್ಣುಮಕ್ಕಳ ಮನೇಲಿ ಇನ್ನೊಂದು ಒತ್ತಡ, ‘ಗಂಡಿನ ಕಡೆಯೋರು ನೋಡೋಕೆ ಬರೋಷ್ಟ್ರಲ್ಲಿ ಹಲ್ಲು ಕಟ್ಟಿಸಿಬಿಡಿ’ ಅಂತ. ಅವಸರ ಹುಟ್ಟೋದು ಅಲ್ಲೇ. ಸಂಘದಲ್ಲಿ ಸಾಲ ತೆಗೆದೋ, ಒಡವೆ ಅಡ ಇಟ್ಟೋ ಹತ್ತಾರು ಸಾವಿರ ಹೊಂದಿಸಿ, ಮದುವೆ ದಿನಾಂಕಕ್ಕೆ ತಕ್ಕ ಹಾಗೆ ಆಪರೇಷನ್ ದಿನ ಗೊತ್ತು ಮಾಡ್ತಾರೆ. ಮೂಳೆಗೆ ಮುಹೂರ್ತ ಗೊತ್ತಿಲ್ಲ.

ಆದ್ರೆ ಕಾಯೋದು ಅಂದ್ರೆ ಖಾಲಿ ಜಾಗ ಇಟ್ಕೊಂಡು ಕಾಯೋದಲ್ಲ. ದಾರಿಗಳಿವೆ.

ತೆಗೆದು ಹಾಕೋ ಒಂದು ಹಲ್ಲಿನ ಸೆಟ್: ಕಡಿಮೆ ಖರ್ಚು, ಬೇಗ ಆಗುತ್ತೆ. ರಾತ್ರಿ ತೆಗೆದಿಡಬೇಕು, ಶುರುವಲ್ಲಿ ಮಾತು ಸ್ವಲ್ಪ ತೊದಲುತ್ತೆ.
ಅಂಟಿಸೋ ಬ್ರಿಡ್ಜ್: ಪಕ್ಕದ ಹಲ್ಲಿನ ಹಿಂಭಾಗಕ್ಕೆ ರೆಕ್ಕೆಯಂಥ ಚೂರನ್ನ ಅಂಟಿಸಿ ಹಲ್ಲು ನಿಲ್ಲಿಸ್ತಾರೆ. ಪಕ್ಕದ ಹಲ್ಲನ್ನ ಹೆಚ್ಚು ಕೆರೆಯೋ ಅಗತ್ಯ ಇಲ್ಲ. ನಮ್ಮ ವಯಸ್ಸಿಗೆ ಬಹಳ ಒಳ್ಳೆ ದಾರಿ, ಎಷ್ಟೋ ಜನರಿಗೆ ಇದು ವರ್ಷಗಟ್ಟಲೆ ಬಾಳುತ್ತೆ.
ಮಾಮೂಲಿ ಬ್ರಿಡ್ಜ್: ಎರಡೂ ಪಕ್ಕದ ಒಳ್ಳೆ ಹಲ್ಲುಗಳನ್ನ ಕೆರೆದು ಕ್ಯಾಪ್ ಹಾಕಬೇಕು. 18 ವರ್ಷಕ್ಕೆ ಎರಡು ಗಟ್ಟಿ ಹಲ್ಲು ಕೆರೆಸೋ ಮುಂಚೆ ಎರಡು ಸಲ ಯೋಚಿಸಿ.

ಸರ್ಕಾರದ ಬಗ್ಗೆ ಒಂದು ಮಾತು. ನಮ್ಮ ಕಡೆಯವರೇ ಆದ ಸಿದ್ದರಾಮಯ್ಯನವರ ಮೊದಲ ಅವಧಿಯ ಸರ್ಕಾರ ‘ದಂತ ಭಾಗ್ಯ’ ತಂದಿತ್ತು, ಹಲ್ಲು ಕಳಕೊಂಡ ಬಡ ಹಿರಿಯರಿಗೆ ಉಚಿತ ಹಲ್ಲುಸೆಟ್. ಒಳ್ಳೆ ಕೆಲಸ. ಆದ್ರೆ ಬೈಕಿಂದ ಬಿದ್ದು ಒಂದು ಮುಂದಿನ ಹಲ್ಲು ಕಳಕೊಂಡ ಕೂಲಿ ಮನೆಯ 17ರ ಹುಡುಗಿಯೂ ಅಂಥದ್ದೊಂದು ಯೋಜನೆಯ ಕಣ್ಣಿಗೆ ಬೀಳಬೇಕು. ಇಂಪ್ಲಾಂಟ್ ಕೇಳ್ತಿಲ್ಲ. ಅಂಟಿಸೋ ಬ್ರಿಡ್ಜ್ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಲಿ ಅಂತ ಕೇಳ್ತಿದೀನಿ. ಅಷ್ಟು ಸಿಕ್ಕಿದ್ರೆ ಅವಸರದ ಸಾಲ ಎಷ್ಟೋ ಮನೆಗಳಲ್ಲಿ ತಪ್ಪುತ್ತೆ.

ಭಾಗ 8/8: ಬಿದ್ದ ಹಲ್ಲು ಹಾಲಿಗೆ ಹಾಕಿ

ಎಲ್ಲಕ್ಕಿಂತ ಚೆಂದದ ಮುಂದಿನ ಹಲ್ಲು ನಿಮ್ಮದೇ ಹಲ್ಲು. ಪೆಟ್ಟು ಬಿದ್ದಾಗ ಹೆಚ್ಚಾಗಿ ಹೋಗೋದು ಮೇಲಿನ ನಡುವಿನ ಎರಡು ಹಲ್ಲುಗಳು. ಕಬಡ್ಡಿ, ಕ್ರಿಕೆಟ್ ಬಾಲ್, ಕತ್ತಲಲ್ಲಿ ಕಾಣದ ಹಂಪ್, ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಹೋಗ್ತಿರೋ ಬೈಕು, ಕಾರಣ ಏನಾದ್ರೂ ಇರಲಿ. ಹಲ್ಲು ಪೂರ್ತಿ ಕಿತ್ತು ಬಂದ್ರೆ ಇಷ್ಟು ಮಾಡಿ:

1. ಹುಡುಕಿ ಎತ್ಕೊಳ್ಳಿ. ಬಿಳಿ ಭಾಗ ಹಿಡೀರಿ, ಬೇರು ಮುಟ್ಟಬೇಡಿ.
2. ಮಣ್ಣಾಗಿದ್ರೆ ಹಾಲಿನಲ್ಲೋ ಸಲೈನ್‌ನಲ್ಲೋ ಒಂದು ಕ್ಷಣ ಮೆಲ್ಲಗೆ ಅದ್ದಿ ತೊಳೀರಿ. ಉಜ್ಜಬೇಡಿ, ಸೋಪು ಬೇಡ.
3. ಧೈರ್ಯ ಇದ್ರೆ ಅದೇ ಗುಳಿಗೆ ವಾಪಸ್ ಕೂರಿಸಿ, ಕರ್ಚೀಫು ಕಚ್ಚಿ ಹಿಡ್ಕೊಳ್ಳಿ.
4. ಆಗದಿದ್ರೆ ತಣ್ಣನೆ ಹಾಲಿಗೆ ಹಾಕಿ. ಯಾವ ಅಂಗಡಿಯಲ್ಲೂ ನಂದಿನಿ ಪ್ಯಾಕೆಟ್ ಸಿಗುತ್ತೆ. ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕ್ಕೋಬೇಡಿ, ನೀರಲ್ಲಿ ನೆನೆಹಾಕಬೇಡಿ.
5. ತಕ್ಷಣ ಹಲ್ಲಿನ ಡಾಕ್ಟ್ರ ಹತ್ರ ಹೋಗಿ.

ಇದು ಶಾಶ್ವತ ಹಲ್ಲಿಗೆ ಮಾತ್ರ. ಚಿಕ್ಕ ಮಕ್ಕಳ ಹಾಲುಹಲ್ಲು ವಾಪಸ್ ಕೂರಿಸೋ ಹಾಗಿಲ್ಲ.

ಬೇರಿನ ಮೇಲಿನ ಜೀವಕೋಶಗಳು ಒಣಗಿದ್ರೆ ಒಂದು ಗಂಟೆಯೊಳಗೆ ಸಾಯ್ತವೆ. ನಂಜನಗೂಡಿನಿಂದ ಮೈಸೂರಿಗೆ ಸುಮಾರು 25 ಕಿಲೋಮೀಟರ್, ನರಸೀಪುರದಿಂದ ಸುಮಾರು 30. ಹಳ್ಳಿಯಿಂದ ಬಸ್ಸಿಗೆ ಕಾಯೋದೂ ಸೇರಿದ್ರೆ ಆ ಗಂಟೆ ದಾರೀಲೇ ಮುಗಿಯುತ್ತೆ. ಅದಕ್ಕೇ ಹಾಲು. ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ, ಹತ್ತಿರದ ಕ್ಲಿನಿಕ್‌ನಲ್ಲಿ ವಿಚಾರಿಸಿ. ವಾಪಸ್ ಕೂರಿಸಿದ ಹಲ್ಲು ಮುಂದೆ ಯಾವತ್ತೋ ಹೋದ್ರೂ ಅಲ್ಲೀವರೆಗೆ ಅಲ್ಲಿನ ಮೂಳೆಯನ್ನ ಸಾಮಾನ್ಯವಾಗಿ ಕಾಪಾಡಿರುತ್ತೆ. ಇಂಪ್ಲಾಂಟ್ ಬೇಕಾದಾಗ ಅದು ದೊಡ್ಡ ಉಪಕಾರ.

ಹಲ್ಲು ಹೋಗೇ ಹೋಯ್ತು, ಇಂಪ್ಲಾಂಟ್ ಮಾತು ಬಂತು ಅಂದ್ರೆ ಡಾಕ್ಟ್ರನ್ನ ಮರ್ಯಾದೆಯಿಂದ ಐದು ಪ್ರಶ್ನೆ ಕೇಳಿ. ನನ್ನ ಬೆಳವಣಿಗೆ ಮುಗಿದಿದೆಯಾ ಸರ್? ಮುಂದಿನ ಮೂಳೆಗೋಡೆ ಎಷ್ಟು ದಪ್ಪ ಇದೆ? ಅವತ್ತೇ ಹಾಕೋದಕ್ಕೂ ಎರಡು ತಿಂಗಳು ಬಿಟ್ಟು ಹಾಕೋದಕ್ಕೂ ನನ್ನ ಕೇಸಲ್ಲಿ ಏನು ವ್ಯತ್ಯಾಸ? ಒಸಡು ಸರಿದ್ರೆ ಏನು ಮಾಡ್ತೀರಿ, ಅದರ ಖರ್ಚು ಯಾರದ್ದು? ನೀವು ಮಾಡಿದ ಇಂಥದ್ದೇ ಕೇಸಿನ ಒಂದು ವರ್ಷದ ನಂತರದ ಫೋಟೋ ಇದೆಯಾ? ಒಳ್ಳೆ ಡಾಕ್ಟ್ರು ಈ ಪ್ರಶ್ನೆಗಳಿಗೆ ಬೇಜಾರು ಮಾಡ್ಕೊಳ್ಳಲ್ಲ. ಮೈಸೂರಿನ ಡೆಂಟಲ್ ಕಾಲೇಜುಗಳ ಆಸ್ಪತ್ರೆಗಳಲ್ಲಿ ಎರಡನೇ ಅಭಿಪ್ರಾಯವನ್ನೂ ತಗೋಬಹುದು.

ಈ ಪೋಸ್ಟ್ ಸೇವ್ ಮಾಡ್ಕೊಳ್ಳಿ. ನಿಮ್ಮ ಕಾಲೇಜಿನ ಪಿ.ಟಿ. ಸರ್‌ಗೆ, ಕಬಡ್ಡಿ ಟೀಮಿನ ಗ್ರೂಪಿಗೆ ಕಳಿಸಿ. ಹಾಲಿನ ವಿಷಯ ನಿಮಗೆ ಮೊದಲೇ ಗೊತ್ತಿತ್ತಾ? ಹೌದು ಅಥವಾ ಇಲ್ಲ ಅಂತ ಕಾಮೆಂಟ್ ಹಾಕಿ, ಎಷ್ಟು ಜನಕ್ಕೆ ಗೊತ್ತು ನೋಡೋಣ.

#ನಂಜನಗೂಡು #ಟಿನರಸೀಪುರ #ಮೈಸೂರು #ಮುಂದಿನಹಲ್ಲು #ಹಲ್ಲಿನಮಾತು #ಕನ್ನಡದಲ್ಲಿಆರೋಗ್ಯ